ಎರಡನೆಯ ಡೈವರ್ ನೀರಿಗೆ ಏಕೆ ಇಳಿಯಲಿಲ್ಲ

ಕಡಲ ಸಂಶೋಧನಾ ಕೇಂದ್ರದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಕಳೆದ ಬುಧವಾರದ ಅಪಘಾತದ ವೇಳೆ, ಎರಡನೆಯ ಡೈವರ್ ಆದ ನಾನು ನೀರಿಗೆ ಏಕೆ ಇಳಿಯಲಿಲ್ಲ ಎಂದು ಕಾರಣ ಕೇಳಿ ನೋಟಿಸು ಕಳಿಸಿದ್ದೀರಿ. ಕಾರಣ ಇಷ್ಟೇ: ನನಗೆ ಈಜು ಬರುವುದಿಲ್ಲ. ವಯಸ್ಸು ಐವತ್ತು, ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ, ಕೆಲಸ ನಿಮ್ಮದೇ ಕೇಂದ್ರದಲ್ಲಿ ಡೈವಿಂಗ್ ಬಟ್ಟೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಒಣಹಾಕುವುದು, ಡೈವರ್ ಇಳಿದಾಗ ಅವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ದೋಣಿಯಲ್ಲಿ ಕೂರುವುದು. ಈ ಉತ್ತರವನ್ನು ಪತ್ರಿಕೆಯಲ್ಲಿ ಹಾಕಿಸಲು ಕಾರಣವಿದೆ. ಜೋಡಿ ಡೈವರ್ ಕೊಡಿ ಎಂದು ನನ್ನ ಸೊಸೆ ಬರೆದ ನಾಲ್ಕು ಪತ್ರಗಳು ನಿಮ್ಮ ಕಚೇರಿಯಲ್ಲಿ ಯಾವ ಆಳಕ್ಕೆ ಇಳಿದವೋ, ಇನ್ನೂ ಮೇಲೆ ಬಂದಿಲ್ಲ.

ಸೊಸೆ ನಿಮ್ಮ ಸಂಶೋಧಕಿ. ತಿಂಗಳಿಗೊಮ್ಮೆ ಕಡಲ ತಳಕ್ಕೆ ಇಳಿದು, ಅಳತೆಪಟ್ಟಿ ಹಾಸಿ, ಎಷ್ಟು ಹವಳ ಬದುಕಿದೆ, ಎಷ್ಟು ಬೆಳ್ಳಗಾಗಿ ಸಾಯುತ್ತಿದೆ ಎಂದು ಎಣಿಸುತ್ತಾಳೆ. ಒಬ್ಬರೇ ಇಳಿಯಬಾರದು ಎಂಬುದು ನೀವೇ ಗೋಡೆಗೆ ಅಂಟಿಸಿದ ನಿಯಮ. ಅವಳ ಜೋಡಿಯಾಗಿದ್ದವರು ವರ್ಗವಾಗಿ ಎಂಟು ತಿಂಗಳಾಯಿತು. ಆ ಜಾಗಕ್ಕೆ ಜನ ಬರಲಿಲ್ಲ, ನನ್ನ ಹೆಸರು ಬಂತು.

"ಅಮ್ಮಾ, ಎರಡು ಸಹಿ ಇಲ್ದೆ ದೋಣಿ ಬಿಡೋ ಹಾಗಿಲ್ಲ. ಹೇಗೂ ಹಗ್ಗ ಹಿಡ್ಕೊಂಡು ದೋಣೀಲಿ ಕೂತಿರ್ತೀರಲ್ಲ, ಹಾಕ್ಬಿಡಿ," ಎಂದು ಡೈವಿಂಗ್ ರಿಜಿಸ್ಟರು ಮುಂದಿಟ್ಟರು ನಿಮ್ಮ ಗುಮಾಸ್ತರು.

"ನಂಗೆ ಈಜೇ ಬರಲ್ವಲ್ಲಪ್ಪ."

"ಈಜು ಬರುತ್ತಾ ಅಂತ ಇದ್ರಲ್ಲಿ ಕಾಲಂ ಇಲ್ಲಮ್ಮ."

ಸೊಸೆಯೂ ಗೋಗರೆದಳು: "ಹಾಕಿ ಅತ್ತೆ. ಒಂದು ತಿಂಗಳು ತಪ್ಪಿದ್ರೂ ಐದು ವರ್ಷದ ಎಣಿಕೆ ಕೆಡುತ್ತೆ." ಹಾಕಿದೆ. ಎಂಟು ಸಲ ಹಾಕಿದೆ. ಸುಳ್ಳೆಂದು ಗೊತ್ತಿದ್ದೇ ಹಾಕಿದ ಪಾಪ ನನ್ನದು, ದಿನವೂ ದೇವರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ನೀವು ಯಾರ ಮುಂದೆ ಒಪ್ಪಿಕೊಳ್ಳುತ್ತೀರಿ?

ಬುಧವಾರ, ಯಾರೋ ಬಿಸಾಡಿದ ಹಳೆಯ ಬಲೆಗೆ ಅವಳ ಬೆನ್ನಿನ ಸಿಲಿಂಡರ್ ಸಿಕ್ಕಿಕೊಂಡಿತು. ಹಗ್ಗ ಮೂರು ಸಲ ಜಗ್ಗಿತು. ಮೂರು ಜಗ್ಗಿದರೆ ಆಪತ್ತು. ನಾನೂ ದೋಣಿಯವರೂ ಸೇರಿ ಎಳೆದೆವು. ಎಳೆದಷ್ಟೂ ಬಲೆ ಬಿಗಿಯುತ್ತಿತ್ತೆಂದು ಆಮೇಲೆ ತಿಳಿಯಿತು. ಬೆನ್ನ ಹಿಂದಿನ ಗೋಜಲು ಬಿಡಿಸಲು ಇನ್ನೊಬ್ಬರ ಕೈ ಬೇಕಿತ್ತು. ಆ ಕೈ ನಿಮ್ಮ ರಿಜಿಸ್ಟರಿನಲ್ಲಿ ಭದ್ರವಾಗಿತ್ತು. ಬಾಯಿಪಾಠವಾಗಿದ್ದ ಪ್ರಾರ್ಥನೆ ನನಗೆ ಅರ್ಧಕ್ಕೇ ಮರೆತುಹೋಯಿತು. ಕೊನೆಗೆ ಅವಳೇ ಚಾಕುವಿನಿಂದ, ಕಾಣದ್ದನ್ನು ತಡಕಾಡಿ ಕತ್ತರಿಸಿಕೊಂಡು ಮೇಲೆ ಬಂದಾಗ ಗಾಳಿ ತೋರಿಸುವ ಮುಳ್ಳು ಸೊನ್ನೆಗೆ ತಾಗಿತ್ತು. ಉಸಿರು ತಿರುಗಿದ ಮೇಲೆ ಕೇಳಿದ ಮೊದಲ ಮಾತು, "ನಾನು ಬರ್ಕೊಂಡ ಸ್ಲೇಟು ಎಲ್ಲತ್ತೆ?"

ಮುಂದಿನ ಎಣಿಕೆ ಹನ್ನೆರಡನೇ ತಾರೀಕು. ಅಷ್ಟರೊಳಗೆ ಡೈವಿಂಗ್ ಬಲ್ಲ ಒಬ್ಬರನ್ನು ಕಳಿಸಿಕೊಡಿ. ಅಲ್ಲಿಯವರೆಗೆ ರಿಜಿಸ್ಟರಿಗೆ ನನ್ನ ಸಹಿ ಬೀಳುವುದಿಲ್ಲ, ದೋಣಿ ಕದಲುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ಸೊಸೆ, "ಹವಳ ಸಾಯೋದನ್ನ ಯಾರೂ ಎಣಿಸ್ದೇ ಇದ್ರೆ ಆಫೀಸಿಗೇ ಅನುಕೂಲ, ಯಾರಿಗೂ ಉತ್ತರ ಕೊಡ್ಬೇಕಿಲ್ಲ. ಅವರ ಕೆಲ್ಸ ನೀವೇ ಸುಲಭ ಮಾಡಿಕೊಟ್ರಿ ಅತ್ತೆ," ಎಂದಳು. ಅವಳು ಹೇಳಿದ್ದು ನಿಜವಿರಬಹುದು. ಅದೇ ನನ್ನನ್ನು ಕೊರೆಯುತ್ತಿದೆ. ಮೂರು ದಿನದಿಂದ ಮಾತಿಲ್ಲ. ಬಡಿಸಿದರೆ ತಲೆಯೆತ್ತದೆ ಉಂಡು ಏಳುತ್ತಾಳೆ. ಏಳಲಿ. ಉಣ್ಣಲು ಎದುರಿಗೆ ಕೂತಿರುತ್ತಾಳಲ್ಲ, ನನಗೆ ಸದ್ಯಕ್ಕೆ ಅಷ್ಟು ಸಾಕು.

ಇಂತಿ,
ಸೊಸೆ ಮಾತು ಬಿಟ್ಟಿರುವ ಒಬ್ಬ ಅತ್ತೆ