ಜೀವನ್ ಹುಡುಕಿದ ಚಳಿಗಾಲದ ಅಲೆಗಳು

ವಿಜಯನಗರ, ಬೆಂಗಳೂರು
೨೨ ಜನವರಿ ೨೦೨೫

ಪ್ರೀತಿಯ ಮಗಳೇ ಗುರುದೇವಿ,

ಹೇಗಿದ್ದೀಯಮ್ಮ? ಬಾಗಲಕೋಟೆಯಲ್ಲೂ ಈ ಸಲ ಚಳಿ ಜಾಸ್ತಿಯಂತೆ. ಬೆಳಿಗ್ಗೆ ಪಾಠ ಮಾಡಲು ಶಾಲೆಗೆ ಹೊರಡುವಾಗ ಕಿವಿಗೆ ಬಟ್ಟೆ ಸುತ್ತಿಕೊಳ್ಳುತ್ತೀಯ ತಾನೆ? ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ. ಆದರೂ ಅವರೆಕಾಯಿ ಅವಳೇ ಆರಿಸಿ ತರಬೇಕು. ನಾನು ತಂದರೆ ಬರೀ ಹುಳ ಅನ್ನುತ್ತಾಳೆ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ನನ್ನಿಂದಾಗದು, ಅದಕ್ಕೆ ಬರೆಯುತ್ತಿದ್ದೇನೆ. ಭಾನುವಾರ ನಮ್ಮ ಜೀವನ್‌ನ ಪಿಎಚ್‌ಡಿ ಗೈಡ್ ಭುವನೇಶ್ವರಿ ಮೇಡಂ ಮನೆಗೆ ಬಂದಿದ್ದರು. ಅವನು ಅರ್ಧಕ್ಕೆ ಬಿಟ್ಟುಹೋದ ಸಂಶೋಧನೆಯನ್ನು ಅವರು ಮುಗಿಸಿದ್ದಾರೆ. ಅದು ಈಗ ಅಚ್ಚಾಗಿದೆ, ಮಾಗಡಿ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಹೊಡೆದು ಎರಡು ವರ್ಷವಾದ ಮೇಲೆ. ಅವನ ಹೆಸರೇ ಮೊದಲು. ಆ ಅಲೆಗಳ ವಿಷಯ ನಿನಗೆ ಚೆನ್ನಾಗಿ ಗೊತ್ತು, ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗಲೂ ನಿನಗೆ ಅದನ್ನೇ ಹೇಳುತ್ತಿದ್ದ. ನಾನು ಮಾತ್ರ ಈಗಲೇ ಮೊದಲ ಸಲ ಪೂರ್ತಿ ಕೇಳಿದ್ದು. ಉತ್ತರದ ದೊಡ್ಡ ಬೆಟ್ಟಸಾಲುಗಳಿಗೆ ಗಾಳಿ ಬಡಿದು, ಭೂಮಿಯನ್ನೇ ಸುತ್ತುವಷ್ಟು ಅಗಲದ ಅಲೆಗಳು ಏಳುತ್ತವಂತೆ. ಚಳಿಗಾಲದಲ್ಲಿ ಅವು ಮೋಡಗಳನ್ನೂ ದಾಟಿ ಬಹಳ ಎತ್ತರಕ್ಕೆ ಏರಿ ಅಲ್ಲಿ ಒಡೆಯುತ್ತವಂತೆ. ಆಗ ಧ್ರುವದ ಮೇಲೆ ಗಾಳಿ ಕೆಲವೇ ದಿನಗಳಲ್ಲಿ ಬಿಸಿಯಾಗುತ್ತದೆ, ಇತ್ತ ನಮ್ಮ ತಲೆ ಮೇಲೆ ಅಷ್ಟೇ ಎತ್ತರದಲ್ಲಿ ತಂಪಾಗುತ್ತದೆ. ಅಂಥ ಒಂದು ಚಳಿಗಾಲದ ತಂಪನ್ನು ಜೀವನ್ ದಕ್ಷಿಣದ ಆಕಾಶದಲ್ಲಿ ಗುರುತಿಸಿದ್ದ ಎಂದರು.

ನಿನ್ನ ಅತ್ತೆ, “ಅವ್ನ ಹೆಸರೆಲ್ಲಿದೆ ತೋರ್ಸಿ ಮೇಡಂ” ಎಂದು ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಪಕ್ಕದಲ್ಲೊಂದು ಸಣ್ಣ ಚಿಹ್ನೆಯಿತ್ತು. ಇದೇನು ಎಂದು ಕೇಳಿದಳು. ಮೇಡಂ ನನ್ನ ಮುಖ ನೋಡಿದರು. “ಕಾಲೇಜಿನ ಗುರುತು ಕಣೇ” ಎಂದೆ. “ಬಿಡ್ರೀ, ನಂಗೊತ್ತು. ಇನ್ನಿಲ್ಲ ಅಂತ ತಾನೆ” ಎಂದಳು. ಮೇಡಂ ಅತ್ತುಬಿಟ್ಟರು. ಅವರಿಗೆ ಸಮಾಧಾನ ಹೇಳಿ ಕಾಫಿ ಕೊಟ್ಟವಳೂ ಅವಳೇ. ನಾನು ಟೆರೇಸಿಗೆ ಹೋಗಿ ನಿಂತೆ.

ಒಂದು ಪ್ರತಿಯನ್ನು ನಿನಗೆಂದು ಇದರ ಜೊತೆಗಿಟ್ಟಿದ್ದೇನೆ. ನಿನ್ನ ಅಮ್ಮ ಕಸ್ತೂರೆವ್ವನವರಿಗೆ ನಮ್ಮಿಬ್ಬರ ನಮಸ್ಕಾರ. ನೀನು ಚೆನ್ನಾಗಿರಬೇಕು, ಅಷ್ಟೇ ನಮ್ಮ ಹಾರೈಕೆ.

ನಿನ್ನ ಮಾವ,
ಚನ್ನಕೇಶವ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ನಿನ್ನ ಅತ್ತೆ ಇದನ್ನೂ ಬರೆಯಲು ಹೇಳಿದಳು. ಮೊನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದರು. ನಿಮ್ಮ ಶಾಲೆಯ ಅಮರೇಶ ಮೇಷ್ಟ್ರು ನಿನ್ನನ್ನು ಮದುವೆಯಾಗಲು ಕೇಳಿದ್ದಾರಂತೆ, ನೀನು “ಅತ್ತಿ ಮಾವ ನೊಂದ್ಕೋತಾರ” ಎಂದು ಬೇಡ ಅಂದೆಯಂತೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ನಿನಗೆ ಮನಸ್ಸಿದ್ದರೆ ಒಪ್ಪಿಕೋ. ನಿನಗೆ ಅಪ್ಪ ಇಲ್ಲ. ಮದುವೆಯ ದಿನ ಆ ಜಾಗದಲ್ಲಿ ನಾನು ನಿಲ್ಲುತ್ತೇನೆ. ಇಬ್ಬರೂ ಬರುತ್ತೇವೆ.