ಅಜ್ಜಿಯ ಎಡದೊಡೆ

18 ನವೆಂಬರ್ 2025, ಮಂಗಳವಾರ, ಬೆಳಿಗ್ಗೆ 5.40

ಅಪ್ಪ,

ಶಿವನಿ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹಿಡಿಯಬೇಕು, ಅದಕ್ಕೇ ನಿನ್ನನ್ನು ಎಬ್ಬಿಸಲಿಲ್ಲ. ರಾತ್ರಿ ಅಜ್ಜಿಗೆ ಸೀರೆ ಉಡಿಸುವಾಗ ಅವಳ ಎಡದೊಡೆ ಸೊರಗಿರುವುದು ಕಂಡೆ. ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು. ದಿನಾ ನಡೆಸಿ ಅಂತ ಡಾಕ್ಟರು ಹೇಳಿರಲಿಲ್ಲವೇ? "ನಿಮ್ಮಪ್ಪ ನೆಲಕ್ಕೆ ಕಾಲಿಡ್ಬೇಡ ಅಂದವ್ನೆ ಕಣೇ, ನೀರೂ ಕೈಗೇ ತಂದ್ಕೊಡ್ತಾನೆ" ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದಳು! ಅಪ್ಪ, ಕೆಲಸವಿಲ್ಲದ ಸ್ನಾಯುವನ್ನು ದೇಹವೇ ಕರಗಿಸಿಬಿಡುತ್ತದೆ. ಎಣ್ಣೆ ತಿಕ್ಕಿದರೆ ಅದು ಬೆಳೆಯುವುದಿಲ್ಲ.

ಇವತ್ತಿನಿಂದ ವಾಕರ್ ಕೊಟ್ಟು, ಪಕ್ಕದಲ್ಲೇ ನಿಂತು, ಬಚ್ಚಲಿನವರೆಗೆ ನಡೆಸು. ಕುರ್ಚಿಯಿಂದ ಅವಳೇ ಏಳಲಿ. ಬರೀ ಗಂಜಿ ಸಾಲದು, ಹೆಸರುಕಾಳು ಬೇಯಿಸಿ ಕೊಡು. ಬೈದರೆ ಬೈಸಿಕೋ.

ನಂಬಿಕೆ ಬಾರದಿದ್ದರೆ, ನಿನ್ನ ಹೊಲಿಗೆ ಟೇಪು ಅಜ್ಜಿಯ ದಿಂಬಿನ ಪಕ್ಕದಲ್ಲಿದೆ, ನೀನೇ ಅಳೆದು ನೋಡು. ಬಲದೊಡೆ ಹದಿನಾರು ಇಂಚು. ಎಡದೊಡೆ ಹದಿಮೂರೂವರೆ.