ಕಿತ್ತಳೆ ರುಚಿಯ ಪುಡಿ

ಬ್ರಹ್ಮಾವರ
ನವೆಂಬರ್ 12, ಬುಧವಾರ

ವನಜಕ್ಕನಿಗೆ, ನಿನ್ನ ತಂಗಿ ಪ್ರಫುಲ್ಲಾ ಮುಖ ಎತ್ತಲಾಗದೆ ಬರೆಯುವುದು.

ಫೋನ್ ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಲ್ಲಿ ಮತ್ತೆ ಸುಳ್ಳೇ ಬರುತ್ತದೆ. ಅದಕ್ಕೇ ಬರೆದು, ನಿಮ್ಮೂರು ಕೋಡಿಗೆ ಬರುವ ಸೋಮಣ್ಣನ ಕೈಯಲ್ಲಿ ಈಗಲೇ ಕಳಿಸುತ್ತಿದ್ದೇನೆ. ಮೊದಲು ಒಂದು ಕೆಲಸ ಮಾಡು. ನಿಶ್ಮಿತಾಳ ಬ್ಯಾಗಿನಲ್ಲಿ ಬಿಳಿ ಡಬ್ಬವೊಂದಿದೆ, ತೆಗೆದು ಡಾಕ್ಟರಿಗೆ ತೋರಿಸು. ನಿನ್ನ ಮಗಳು ಅದನ್ನು ಮತ್ತೆ ಬಾಯಿಗೆ ಹಾಕಬಾರದು.

ಅದು ಚರ್ಮ ಹೊಳೆಯಲೆಂದು ದಿನಾ ನೀರಿನಲ್ಲಿ ಕಲಸಿ ಕುಡಿಯುವ ಪುಡಿ. ನನ್ನ ಪಾರ್ಲರಿನಲ್ಲಿ ಮಾರುತ್ತೇನೆ. ಅವಳ ಮದುವೆಗೆ ಮುಖ ಕಳೆಗಟ್ಟಲಿ ಎಂದು ನಾನೇ ಕೊಟ್ಟೆ. "ಚಿಕ್ಕಿ, ದಿನಾ ಕುಡುದ್ರೆ ಎಂತ ಆತಿಲ್ಯಾ?" ಎಂದು ಕೇಳಿದ್ದಳು. "ಎಂತದೂ ಆತಿಲ್ಲೆ ಹೆಣ್ಣೇ, ಕುಡಿ" ಎಂದೆ. ಮೂರು ತಿಂಗಳು ಕುಡಿದವರಿಗೆ ಏನೂ ಆಗಿಲ್ಲವೆಂದು ಕಂಪನಿಯವರು ಹೇಳಿದ್ದರು. ಅವರಲ್ಲಿ ಮೀನು ಮೈಗೆ ಆಗದವರು ಯಾರಾದರೂ ಇದ್ದರೇ ಎಂದು ನಾನು ಕೇಳಲಿಲ್ಲ. ಹೌದಕ್ಕ, ಅದು ಮೀನಿನ ಚರ್ಮದಿಂದ ಮಾಡಿದ್ದು. ಕಿತ್ತಳೆ ಹಣ್ಣಿನ ರುಚಿ, ಮೀನಿನ ವಾಸನೆ ಚೂರೂ ಇಲ್ಲ. ನನಗೆ ತಿಳಿದದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ಮೀನು ಆಗದ ಮಗು. ಅವಳಿಗೆಂದೇ ನೀನು ಇಷ್ಟು ವರ್ಷ ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಅಡಿಗೆ ಮಾಡಿದೆ. ಅರ್ಧ ಚಮಚ ಕುಡಿದಾಗ ಹತ್ತು ದಿನ ಏನೂ ಆಗಲಿಲ್ಲ. ಮದುವೆ ಹತ್ತಿರ ಬಂತೆಂದು ಭಾನುವಾರ ನಾನೇ ಎರಡು ಚಮಚ ಹಾಕಲು ಹೇಳಿದೆ. ಮೈತುಂಬ ದದ್ದು ಎದ್ದು, ತುಟಿ ಬಾತು, ಉಸಿರು ಸಿಕ್ಕಿಕೊಂಡಿತು.

ಏನು ತಿಂದಳೆಂದು ಡಾಕ್ಟರು ಕೇಳಿದಾಗ ನೀನು ಗೋಡೆಗೊರಗಿ, "ಮೀನಿನ್ ಸೌಟ್ ತಾಗಿತ್ ಕಾಂತ್, ನಂದೇ ತಪ್ಪ್" ಎಂದು ಅತ್ತೆ. ನಾನು ನಿನ್ನ ಬೆನ್ನು ಸವರುತ್ತ "ಹೋಯ್ಲಿ ಬಿಡ್ ಅಕ್ಕ" ಎಂದೆ. ಎಂಥ ನಾಚಿಕೆಗೆಟ್ಟವಳು ನಾನು! ನಿನ್ನನ್ನು ಕ್ಷಮಿಸುವವಳ ಹಾಗೆ ನಿಂತಿದ್ದೆ.

ಇವತ್ತು ನಿಶ್ಮಿತಾಳ ಮೆಸೇಜು ಬಂತು. "ಮನಿಗ್ ಬಂದೆ. ಪುಡಿ ನಾಳೆಂದ ಮತ್ತೆ ಕುಡಿಲಾ ಚಿಕ್ಕಿ?" ಬೇಡ ಎಂದು ಬರೆದೆ. ಯಾಕೆಂದು ಬರೆಯಲು ಕೈ ಬರಲಿಲ್ಲ.

ತಂಗಿ ಎನ್ನಲು ಬಾಯಿ ಬಾರದ
ಪ್ರಫುಲ್ಲಾ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿದದ್ದು: ಅದು ಮೀನಿನದೆಂದು ಆಮೇಲೆ ತಿಳಿಯಿತು ಎಂದದ್ದು ಸುಳ್ಳು. ಮೀನು ಎಂದು ಓದಿದರೆ ಸಸ್ಯಾಹಾರಿ ಗಿರಾಕಿಗಳು ಕೊಳ್ಳಲಾರರೆಂದು ಎಲ್ಲ ಡಬ್ಬಗಳಲ್ಲೂ ಆ ಸಾಲಿನ ಮೇಲೆ ಪಾರ್ಲರಿನ ಚೀಟಿ ಅಂಟಿಸಿದ್ದೆ. ಅಂಥದೇ ಡಬ್ಬ ಅವಳಿಗೂ ಕೊಟ್ಟೆ, ಇಷ್ಟು ಪುಡಿಯಲ್ಲಿ ಏನಾದೀತು ಎಂದುಕೊಂಡು. ಏನು ತಿನ್ನುವುದಿದ್ದರೂ ಓದಿಯೇ ತಿನ್ನುವ ಹುಡುಗಿ ಅವಳು. ನನ್ನೆದುರೇ ಡಬ್ಬ ತಿರುಗಿಸಿ ಓದಿದಳು, ಅಕ್ಕ. ಮೀನು ಎಂದು ಇರಬೇಕಾದಲ್ಲಿ ನನ್ನ ಹೆಸರಿತ್ತು.